ಕಾಟಿಗೂ ಕೊಟ್ಟಿಗೆಗೂ ಇರುವ ನಂಟು
(ವನ್ಯಜೀವಿ ಸಪ್ತಾಹದ ಸಭೆಯಲ್ಲಿ ನಿವೃತ್ತ ಪಶುವೈದ್ಯರೊಬ್ಬರ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಇದೇ ಮೈದಾನದ ಅಂಚಿನಲ್ಲಿ ಗಿಡ ನೆಟ್ಟೆವು. ಫೋಟೊನೂ ಆಯ್ತು. ಕಾಟಿ, ಅಂದರೆ ಕಾಡುಕೋಣ, ಉಳಿಸುವ ಕಾರ್ಯಕ್ರಮಕ್ಕೆ ಗಿಡ ಯಾಕೆ ನೆಡಬೇಕು ಅಂತ ಆಗಲೇ ಕೇಳೋಣ ಅಂದುಕೊಂಡೆ. ಅಧ್ಯಕ್ಷರ ಕೈಯಲ್ಲಿ ಹಾರೆ ಇತ್ತು, ಸುಮ್ಮನಾದೆ. ಈಗ ನನ್ನ ಕೈಯಲ್ಲಿ ಮೈಕಿದೆ, ಕೇಳುತ್ತೇನೆ.

ಕಾಟಿಗೆ ಬೇಕಾದದ್ದು ಹುಲ್ಲು. ಬೇಸಿಗೆಯಲ್ಲಿ ಸೊಪ್ಪು, ತೊಗಟೆ, ಉದುರಿದ ಕಾಯಿ ಎಲ್ಲ ತಿನ್ನುತ್ತದೆ, ನಿಜ. ಮಳೆ ಬಿದ್ದು ಹುಲ್ಲು ಚಿಗುರಿತು ಅಂದರೆ ಅದಕ್ಕೆ ಬೇರೇನೂ ಬೇಡ. ಬೆಳೆದ ಗಂಡು ಒಂದು ಟನ್ನಿನ ಹತ್ತಿರ ತೂಗುತ್ತದೆ. ಆ ಹೊಟ್ಟೆ ನಾವು ನೆಡುವ ಅಕೇಶಿಯಾ ಎಲೆಯಿಂದ ತುಂಬುತ್ತದಾ?

ನಾನು ದನದ ಡಾಕ್ಟರು. ಹಾಗಾಗಿ ಕಾಟಿಯ ಮಾತನ್ನೂ ಕೊಟ್ಟಿಗೆಯಿಂದಲೇ ಶುರು ಮಾಡುತ್ತೇನೆ. ಇಲ್ಲಿರುವ ಹಿರಿಯರಿಗೆ ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಗೊತ್ತು. ಬಾಯೆಲ್ಲ ಹುಣ್ಣು, ಕಣ್ಣಲ್ಲಿ ನೀರು, ಭೇದಿ. ಕೆಲವೇ ದಿನಗಳಲ್ಲಿ ಹಟ್ಟಿ ಖಾಲಿ. 1968ರಲ್ಲಿ ಬಂಡೀಪುರ, ಮುದುಮಲೈ ಕಾಡಿಗೆ ಈ ರೋಗ ಹೊಕ್ಕಿತು. ಹಿಂಡು ಹಿಂಡಾಗಿ ಕಾಟಿಗಳು ಸತ್ತವು. ಕಾಟಿ ಮತ್ತು ದನ ದಾಯಾದಿಗಳು. ಇದಕ್ಕೆ ಬರುವ ಬೇನೆ ಅದಕ್ಕೂ ಬರುತ್ತದೆ. ಒಂದೇ ಕೆರೆಯಲ್ಲಿ ನೀರು ಕುಡಿದರೆ ಸಾಕು.

ಆ ರೋಗ ಈಗಿಲ್ಲ. ಭಾರತದಲ್ಲಿ ಅದು ಕೊನೆಯದಾಗಿ ಕಂಡದ್ದು 1995ರಲ್ಲಿ. 2006ರಲ್ಲಿ ದೇಶ ರೋಗಮುಕ್ತ ಅಂತಾಯ್ತು, 2011ರಲ್ಲಿ ಇಡೀ ಜಗತ್ತು. ಓಡಿಸಿದ್ದು ಯಾರು? ಊರೂರು ತಿರುಗಿ ದನಕ್ಕೆ ಸೂಜಿ ಚುಚ್ಚಿದವರು. ಅವರ ಸೂಜಿ ಉಳಿಸಿದಷ್ಟು ಕಾಟಿಗಳನ್ನು ಗಾರ್ಡುಗಳ ಬಂದೂಕು ಉಳಿಸಿಲ್ಲ ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ. ಮುಂದಿನ ಸಾಲಿನಲ್ಲಿರುವ ಅರಣ್ಯ ಇಲಾಖೆಯವರು ಬೇಜಾರು ಮಾಡಿಕೊಳ್ಳಬಾರದು. ನನ್ನ ಹೆಂಡತಿಗಂತೂ ಈ ಮಾತು ಬಾಯಿಪಾಠವಾಗಿದೆ, ಇವತ್ತು ಬಂದಿಲ್ಲ.

ಒಂದು ಕತೆ ಹೇಳಲೇಬೇಕು. ಸರ್ವೀಸಿನಲ್ಲಿದ್ದಾಗ ಘಟ್ಟದಂಚಿನ ಒಂದು ಮನೆಯಿಂದ ಕರೆ ಬಂತು. ಹಸು ಬೆದೆಗೆ ಬಂದಿದೆ, ಇಂಜೆಕ್ಷನ್ ಹಾಕಬೇಕು ಅಂತ. ಸೆಮೆನ್ ಡಬ್ಬಿ ಬೈಕಿಗೆ ಕಟ್ಟಿಕೊಂಡು ಹೋದೆ. ಮಳೆಗಾಲ, ಕೊನೆಯ ಏರು ನಡೆದೇ ಹತ್ತಿದೆ. ನೋಡಿದರೆ ಅಂಗಳದಾಚೆ ಆ ಹಸು ಕೆಂಪಿ ನಿಂತಿದೆ, ಪಕ್ಕದಲ್ಲಿ ಅದರ ಎರಡರಷ್ಟು ಎತ್ತರದ ಕಪ್ಪು ಗಂಡು. ನಾಲ್ಕೂ ಕಾಲಿಗೆ ಮೊಣಕಾಲಿನಿಂದ ಕೆಳಗೆ ಬಿಳಿ. ಮನೆಯ ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು, "ಡಾಕ್ಟ್ರೇ, ನಿಮ್ಮ ಡಬ್ಬಿ ವಾಪಸ್ ತಗೊಂಡು ಹೋಗಿ. ಗಂಡು ಆಗಲೇ ಬಂದಾಯ್ತು."

ನಾನು ಎರಡು ಹೆಜ್ಜೆ ಮುಂದಿಟ್ಟೆ. ಅದು ಮೈ ಅಡ್ಡ ತಿರುಗಿಸಿ ನಿಂತುಕೊಂಡಿತು. 'ನನ್ನ ಗಾತ್ರ ನೋಡಿಕೊಂಡು ಬಾ' ಅಂತ ಕಾಟಿ ಹೇಳುವುದೇ ಹಾಗೆ. ನೋಡಿದೆ, ಜಗಲಿ ಹತ್ತಿದೆ. ಅಜ್ಜಿ ಕಾಫಿ ಕೊಟ್ಟರು. ಅಷ್ಟರಲ್ಲಿ ಅದು ನಿಧಾನಕ್ಕೆ ಬಂದು ಕೊಟ್ಟಿಗೆ ಪಕ್ಕದ ಬಾನಿಗೆ ಬಾಯಿ ಹಾಕಿ ಅಕ್ಕಿ ತೊಳೆದ ಅಕ್ಕಚ್ಚು ಕುಡಿಯಿತು. ಮನೆಯವರೆಲ್ಲ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಪಕ್ಕದ ಮನೆ ಎತ್ತಿಗೆ ಕಾಲುಬಾಯಿ ಜ್ವರ ಅಂತ ಆ ವಾರವೇ ಔಷಧಿ ಕೊಟ್ಟು ಹೋಗಿದ್ದೆ. ಆ ಎತ್ತು ಕುಡಿಯುತ್ತಿದ್ದದ್ದೂ ಅದೇ ಬಾನಿಯಲ್ಲಿ.

ಕರು ಏನಾಯ್ತು ಅಂತ ಎಲ್ಲ ಕಡೆ ಕೇಳುತ್ತಾರೆ. ಕೆಂಪಿ ಗಬ್ಬ ಕಟ್ಟಲಿಲ್ಲ. ಮುಂದಿನ ತಿಂಗಳು ನನ್ನ ಡಬ್ಬಿಗೇ ಕೆಲಸ ಬಂತು.

ದನದ ರೋಗ ಕಾಡುಪ್ರಾಣಿಗೆ ತಗಲುವುದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಯೆಲ್ಲೊಸ್ಟೋನ್ ಪಾರ್ಕಿನಲ್ಲಿ ಬೈಸನ್ ಅನ್ನುವ ಕಾಡುದನಗಳಿವೆ. ಆ ಖಂಡದಲ್ಲಿ ಕೋಟಿಗಟ್ಟಲೆ ಇದ್ದವನ್ನು ಕೊಂದು ಕೊಂದು, 1902ರ ಹೊತ್ತಿಗೆ ಆ ಪಾರ್ಕಿನಲ್ಲಿ ಎರಡು ಡಜನ್ ಉಳಿದಿದ್ದವು. ಈಗ ಸಾವಿರಗಳಲ್ಲಿವೆ. ಆದರೆ 1917ರಲ್ಲೇ ಅವಕ್ಕೆ ಕಂದು ರೋಗ, ಅಂದರೆ ಗಬ್ಬದ ದನ ಕಂದು ಹಾಕುವ ಬ್ರುಸೆಲ್ಲೋಸಿಸ್, ಇರುವುದು ಗೊತ್ತಾಗಿತ್ತು. ಬಂದದ್ದು ದನಗಳಿಂದ. ಈಗ ಚಳಿಗಾಲದಲ್ಲಿ ಅವು ಮೇವು ಹುಡುಕಿ ಪಾರ್ಕಿನಿಂದ ಆಚೆ ಬಂದರೆ, ದನಕ್ಕೆ ರೋಗ ತಗಲೀತು ಅಂತ ಹಿಡಿದು ಕಸಾಯಿಖಾನೆಗೆ ಕಳಿಸುತ್ತಾರೆ. ರೋಗ ಕೊಟ್ಟದ್ದು ದನ, ಶಿಕ್ಷೆ ಬೈಸನ್‌ಗೆ.

ಹುಲ್ಲಿನ ಮಾತಿಗೆ ಬರುತ್ತೇನೆ. ನಮ್ಮ ಗೋಮಾಳಗಳಲ್ಲಿ, ಸೊಪ್ಪಿನ ಬೆಟ್ಟಗಳಲ್ಲಿ ಅಕೇಶಿಯಾ ಬಂತು. ಅದರ ಎಲೆ ಕೊಳೆಯುವುದು ನಿಧಾನ, ಕೆಳಗೆ ಹುಲ್ಲು ಏಳುವುದೂ ಕಷ್ಟ. ಗೋಮಾಳದಲ್ಲಿ ಮೇವಿಲ್ಲದ ದನ ಕಾಡಿಗೆ ಹೋಯಿತು. ಕಾಡಿನಲ್ಲಿ ಲಂಟಾನ ಕಳೆ ಹಬ್ಬಿ ಮೇವು ಕಳೆದುಕೊಂಡ ಕಾಟಿ ಗದ್ದೆಗೆ, ತೋಟಕ್ಕೆ ಬಂತು. ಎರಡೂ ದಾರಿಯಲ್ಲಿ ಭೇಟಿಯಾದವು. ರೋಗವೂ ಅಲ್ಲೇ, ಜಗಳವೂ ಅಲ್ಲೇ. ನಾಗರಹೊಳೆಯ ಹಡ್ಲುಗಳಲ್ಲಿ, ಅಂದರೆ ಕಾಡಿನ ನಡುವಿನ ಜೌಗು ಹುಲ್ಲುಗಾವಲುಗಳಲ್ಲಿ, ಸಂಜೆ ಕಾಟಿ ಹಿಂಡು ಮೇಯುವುದನ್ನು ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಅಲ್ಲಿ ಮರ ಇಲ್ಲ, ಅದಕ್ಕೇ ಕಾಟಿ ಇದೆ. ಖಾಲಿ ಜಾಗ ಕಂಡರೆ ಸಾಕು, ನಮಗೆ ಸಸಿ ನೆಡುವ ಆಸೆ. ಅದು ಖಾಲಿ ಅಲ್ಲ ಮಾರಾಯ್ರೆ, ಅದು ಊಟದ ಎಲೆ!

ಚೀಟಿ ಬಂತು. ಐದು ನಿಮಿಷವಂತೆ. ಬರೆದುಕೊಂಡದ್ದು ಇನ್ನೂ ಜಾಸ್ತಿ ಇದೆ, ಓಡಿಸುತ್ತೇನೆ.

ರಸ್ತೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ. ಅದನ್ನು ಸಡಿಲಿಸಬಾರದು. ಉರುಳು. ಹಂದಿಗೆ ಅಂತ ಬೇಲಿಗೆ ಕಟ್ಟುತ್ತೀರಿ, ಕಾಟಿ ಕರುವಿನ ಕಾಲಿಗೂ ಅದು ಬೀಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಟಿ ಅತಿ ಹೆಚ್ಚು ರಕ್ಷಣೆಯ ಮೊದಲ ಪಟ್ಟಿಯಲ್ಲಿದೆ, ಹಂದಿಗೆ ಅಂತ ಕಟ್ಟಿದ್ದು ಅಂದರೆ ಆ ಮಾತನ್ನು ಯಾರೂ ಒಪ್ಪುವುದಿಲ್ಲ. ತೋಟದಲ್ಲಿ ಕಾಟಿ ತಿವಿದು ಜನ ಸತ್ತಿದ್ದಾರೆ. ಆ ಮನೆಗಳಿಗೆ ಪರಿಹಾರ ಬೇಗ ಸಿಗಬೇಕು. ಕಾಟಿ ಉಳಿಸಿ ಅನ್ನುವವರೇ ಅದನ್ನೂ ಜೋರಾಗಿ ಕೇಳಬೇಕು. ಒಂಟಿ ಗಂಡು ಕಂಡರೆ ಮೊಬೈಲ್ ಹಿಡಿದು ಸುತ್ತ ನಿಲ್ಲಬೇಡಿ.

ಕೊನೆಯದು. ಕಾಲುಬಾಯಿ ಜ್ವರದ ಲಸಿಕೆಯವರು ಬಂದಾಗ, ಹಾಲು ಕಡಿಮೆಯಾಗುತ್ತೆ ಅಂತ ದನ ಅಡಗಿಸಬೇಡಿ. ಕಡಿಮೆಯಾದರೂ ಒಂದೆರಡು ದಿನ, ಆಮೇಲೆ ಸರಿಹೋಗುತ್ತದೆ. ಗೋಮಾಳದಲ್ಲಿ ಸಸಿ ಬೇಡ, ಹುಲ್ಲಿಗೆ ಬಿಡಿ ಅಂತ ಪಂಚಾಯ್ತಿಗೊಂದು ಅರ್ಜಿ ಬರೆದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಊಟಕ್ಕೆ ಹೋಗುವವರು ಅದನ್ನು ದಾಟಿಯೇ ಹೋಗಬೇಕು, ಮೇಜು ಅಲ್ಲಿ ಹಾಕಿಸಿದ್ದು ನಾನೇ. ಅಧ್ಯಕ್ಷರೇ, ಮೊದಲ ಸಹಿ ನಿಮ್ಮದು. ನಮಸ್ಕಾರ.