ದೇವರ ಪರ ವಕಾಲತ್ತು ಬೇಡ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರೋ ವಿಷಯ ಕಷ್ಟಕಾಲದಲ್ಲಿ ದೇವರ ಮೌನ ಅಂತ. ಮಡಿಕೇರಿಯಲ್ಲಿ ನಿಂತು ಇದನ್ನ ಮಾತಾಡೋವಾಗ ಕೊಡಗಿನ ಗುಡ್ಡಗಳು ಕುಸಿದ 2018ರ ಆಗಸ್ಟ್ ಬಿಟ್ಟು ಬೇರೆ ಎಲ್ಲಿಂದ ಶುರು ಮಾಡ್ಲಿ ಹೇಳಿ. ಮಕ್ಕಂದೂರು, ಜೋಡುಪಾಲ, ಮಾದಾಪುರ ಅಂದ್ರೆ ಸಾಕು, ಇಲ್ಲಿ ಕೂತಿರೋ ಎಷ್ಟೋ ಜನಕ್ಕೆ ಆ ಸದ್ದು ಇನ್ನೂ ಕಿವೀಲಿದೆ.

ಆಗ ನಾನು ಒಂದು ಗಂಜಿ ಕೇಂದ್ರಕ್ಕೆ ಊಟ ಬಡಿಸೋಕೆ ಹೋಗ್ತಿದ್ದೆ. ಶಾಲೆ ಕ್ಲಾಸ್‌ರೂಮು, ಬೆಂಚೆಲ್ಲ ಹೊರಗಿಟ್ಟು ಜಮಖಾನ ಹಾಸಿದ್ರು. ಮೂಲೇಲಿ ಒಬ್ರು ಅಜ್ಜಿ. ಮನೆ, ತೋಟ, ದೊಡ್ಡ ಮಗ, ಮೂರೂ ಒಂದೇ ಬೆಳಗ್ಗೆ ಮಣ್ಣುಪಾಲು. ಅವರ ಹತ್ರ ಉಳಿದಿದ್ದು ಒಂದು ಕಾವೇರಮ್ಮನ ಫೋಟೋ, ಗಾಜು ಒಡೆದಿತ್ತು, ಫ್ರೇಮಿನ ಸಂದೀಲಿ ಕೆಂಪು ಮಣ್ಣು ಒಣಗಿ ಕೂತಿತ್ತು. ದಿನಾ ಬೆಳಗ್ಗೆ ಸೆರಗಲ್ಲಿ ಅದನ್ನ ಒರೆಸೋರು, ಒರೆಸಿ ಆದ್ಮೇಲೆ ಮುಖ ಗೋಡೆ ಕಡೆ ತಿರುಗ್ಸಿ ಇಡೋರು. ಮೂರು ದಿನ ನೋಡಿದೆ, ನಾಲ್ಕನೇ ದಿನ ತಡೀಲಾರದೆ ಯಾಕಜ್ಜಿ ಹೀಗೆ ಅಂತ ಕೇಳಿದೆ. "ಇವಳ ಹತ್ರ ಮಾತು ಬಿಟ್ಟಿದ್ದೀನಿ ಮಗಾ, ಅವಳಾಗಿ ಮಾತಾಡ್ಲಿ" ಅಂದ್ರು.

ನಾನು ಸುಮ್ನಿರ್ಬೇಕಿತ್ತು. ಇರ್ಲಿಲ್ಲ. ಎಲ್ಲಾ ಋಣಾನುಬಂಧ ಅಜ್ಜಿ, ದೇವರು ಮಾಡಿದ್ದಕ್ಕೆ ಏನೋ ಕಾರಣ ಇರುತ್ತೆ ಅಂದುಬಿಟ್ಟೆ. ಅಜ್ಜಿ ಏನೂ ಅನ್ಲಿಲ್ಲ, ನಾನು ಕೊಟ್ಟ ಗಂಜಿ ಲೋಟಾನ ಮೆಲ್ಲಗೆ ವಾಪಸ್ ನನ್ನ ಕಡೆಗೇ ತಳ್ಳಿದ್ರು. ಸ್ಟೀಲ್ ಲೋಟ ಸಿಮೆಂಟ್ ನೆಲದ ಮೇಲೆ ಸರಿದ ಸದ್ದು ಇವತ್ತಿಗೂ ಮರೆತಿಲ್ಲ. ಅವತ್ತಿಂದ ಹೋದಲ್ಲೆಲ್ಲ ನಾನು ಹೇಳೋದು ಒಂದೇ, ದೇವರ ಪರ ನಾವು ವಕಾಲತ್ತು ಹಾಕಬಾರದು. ಸುಮ್ನಿರೋದು ಅವನು, ಉತ್ತರ ಕೊಡ್ಬೇಕಾದೋನೂ ಅವನೇ, ಮಧ್ಯದಲ್ಲಿ ನಾವ್ಯಾರು?

ಬೈಬಲ್‌ನ ಯೋಬನ ಕಥೆ ನಿಮಗೆ ಗೊತ್ತಿರೋದೇ. ಮಕ್ಕಳು, ದನಕರು, ಆರೋಗ್ಯ ಎಲ್ಲಾ ಕಳ್ಕೊಂಡು ಬೂದೀಲಿ ಕೂತಿರ್ತಾನೆ. ಮೂವರು ಸ್ನೇಹಿತರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂರ್ತಾರೆ. ಅಲ್ಲೀತನಕ ಎಷ್ಟು ಚೆನ್ನಾಗಿತ್ತು! ಆಮೇಲೆ ಬಾಯಿ ಬಿಟ್ರು ನೋಡಿ, ನೀನೇ ಏನೋ ಪಾಪ ಮಾಡಿರ್ಬೇಕು ಅಂತ. ಕೊನೆಗೆ ದೇವರು ಸುಂಟರಗಾಳಿಯಿಂದ ಮಾತಾಡ್ತಾನೆ, ಆದ್ರೆ ಯಾಕೆ ಹೀಗಾಯ್ತು ಅನ್ನೋದಕ್ಕೆ ಮಾತ್ರ ಉತ್ತರ ಕೊಡಲ್ಲ. ಅವನ ಸಿಟ್ಟು ಹೊತ್ತಿದ್ದು ಯಾರ ಮೇಲೆ ಗೊತ್ತಲ್ಲ, ಜಗಳ ಆಡಿದ ಯೋಬನ ಮೇಲಲ್ಲ, ತನ್ನ ಪರ ವಾದ ಮಾಡಿದ ಆ ಸ್ನೇಹಿತರ ಮೇಲೆ. ನಮ್ಮ ದಾಸರೇನು ಕಮ್ಮಿ ಬೈದಿದ್ದಾರಾ, ನಿಂದಾಸ್ತುತಿ ಅಂತ ಅದಕ್ಕೊಂದು ಹೆಸರೇ ಇದೆ, ಬೈದಿದ್ದನ್ನೇ ತಾಳ ಹಾಕಿ ಭಜನೇಲಿ ಹಾಡ್ತೀವಿ.

ಗುಡ್ಡ ಕಡಿದೋರು ನಾವು, ಜೆಸಿಬಿ ತಂದೋರು ನಾವು, ದೇವರನ್ನ ಯಾಕೆ ಕೇಳ್ತೀರಿ ಅಂತಾರೆ ಕೆಲವರು. ನಿಜ, ಇಳಿಜಾರು ಕಡಿದಿದ್ದೂ ಒಂದು ಕಾರಣ ಅಂತ ಭೂವಿಜ್ಞಾನಿಗಳೂ ಹೇಳಿದ್ರು. ಆದ್ರೆ ಆ ಅಜ್ಜಿ ಯಾವ ಗುಡ್ಡ ಕಡಿದಿದ್ರು? 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆ ಹೋಯ್ತು, ಐದು ಜನ, ದಿನಾ ಆ ಅಮ್ಮನ ಸನ್ನಿಧೀಲೇ ಇದ್ದೋರು. ಏನು ತಪ್ಪು ಮಾಡಿದ್ರೋ ಅಂತ ಲೆಕ್ಕ ಹಾಕೋಕೆ ಕೂತವರನ್ನೂ ನೋಡ್ದೆ ನಾನು. ಮತ್ತೆ ಅದೇ ವಕಾಲತ್ತು.

ಟೈಮ್ ಆಯ್ತು ಅಂತ ಚೀಟಿ ಬಂತು. ವನವಾಸದಲ್ಲಿ ದ್ರೌಪದಿ ಧರ್ಮರಾಯನ ಹತ್ರ, ವಿಧಾತ ನಮ್ಮನ್ನ ಗೊಂಬೆ ಥರ ಆಡಿಸ್ತಾನೆ ಅಂತ ಸಿಟ್ಟಾಗ್ತಾಳಲ್ಲ, ಅದನ್ನ ವಿವರವಾಗಿ ಹೇಳ್ಬೇಕಿತ್ತು, ಕೋವಿಡ್ ಕಾಲದ್ದೂ ಇತ್ತು. ಬಿಡಿ, ಅಜ್ಜಿ ಕಥೆ ಮುಗಿಸಿ ಕೂರ್ತೀನಿ.

ಆ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣಕ್ಕೆ ಅವರ ಬಾಡಿಗೆ ಮನೆಗೆ ಹೋಗಿದ್ದೆ. ಪಕ್ಕದ ಮನೆಯವರು ತಲಕಾವೇರಿಯಿಂದ ತೀರ್ಥ ತಂದು ಕೊಟ್ಟಿದ್ರು, ಪ್ಲಾಸ್ಟಿಕ್ ಬಾಟಲೀಲಿ. ಅಜ್ಜಿ ಅಂಗೈಗೆ ಸುರ್ಕೊಂಡು ಕುಡಿದು, ಒದ್ದೆ ಕೈನ ಕಣ್ಣಿಗೆ ಒತ್ಕೊಂಡ್ರು. ಫೋಟೋ ಮೊಳೆಗೆ ನೇತಾಕಿತ್ತು, ಮುಖ ಇನ್ನೂ ಗೋಡೆ ಕಡೆಗೇ. ಅದರ ಬೆನ್ನಿಗೆ ಎರಡು ಹನಿ ಚಿಮುಕಿಸಿದ್ರು. ಈ ಸಲ ನಾನು ಏನೂ ಕೇಳ್ಲಿಲ್ಲ, ಏನೂ ಹೇಳ್ಲಿಲ್ಲ. ಕುಂಬಳಕಾಯಿ ಸಾರು ಮಾಡಿದ್ದೀನಿ, ದೋಸೆ ತಿನ್ಕೊಂಡು ಹೋಗು ಮಗಾ ಅಂದ್ರು.