ಮೊಳೆ ಎಲ್ಲಿ ಬೀಳುತ್ತದೆ?

(ವಿಜಯಪುರದಲ್ಲಿ ಎಂಜಿನಿಯರುಗಳು ಮತ್ತು ಹಳೇ ಕಟ್ಟಡಗಳ ಮಾಲೀಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಂದು ಕಟ್ಟಡವನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಾಂಧಿ ಚೌಕದ ಹತ್ತಿರ ಎರಡಂತಸ್ತಿನ ಕರಿಕಲ್ಲಿನ ಆಫೀಸು. ಸುಣ್ಣದ ಗಾರೆ, ಸಾಗವಾನಿ ಕಿಟಕಿ, ಮುಂದೆ ಕಮಾನಿನ ಪಡಸಾಲೆ. ಇದು ನಾನು ಊಹಿಸಿಕೊಂಡ ಕಟ್ಟಡ. ಆದರೆ ಇಂಥವನ್ನು ನೀವೆಲ್ಲ ನೋಡಿದ್ದೀರಿ. ಮಾಲೀಕರು ಅರ್ಜಿ ತಂದಿದ್ದಾರೆ. ಮುಂಭಾಗಕ್ಕೆ ಎಸಿಪಿ ಶೀಟು (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಬೇರೆ ವಸ್ತು ತುಂಬಿದ ಹಲಗೆ) ಹೊದಿಸಬೇಕು, ಕಿಟಕಿ ಕಿತ್ತು ದೊಡ್ಡ ಗಾಜು ಕೂರಿಸಬೇಕು, ಕಲ್ಲಿನ ಸಂದುಗಳಿಗೆ ಸಿಮೆಂಟ್ ತುಂಬಬೇಕು. ಜೊತೆಗೆ ಹೊಸ ಬೋರ್ಡು, ಎಸಿ, ಒಂದು ರ‍್ಯಾಂಪು. ಅರ್ಜಿಗೆ ಕಂಪ್ಯೂಟರಿನಲ್ಲಿ ಮಾಡಿದ ಬಣ್ಣದ ಚಿತ್ರ ಲಗತ್ತಿಸಿದ್ದಾರೆ. ಅದರಲ್ಲಿ ನೀಲಿ ಆಕಾಶ, ಎರಡು ಗಿಡ, ಒಂದೂ ವೈರ್ ಇಲ್ಲದ ರಸ್ತೆ. ಗಾಂಧಿ ಚೌಕದಲ್ಲಿ ವೈರ್ ಇಲ್ಲದ ರಸ್ತೆ!

ಪರಿಶೀಲನೆಗೆ ಕೂತವರು ಮೊದಲು ಆ ಚಿತ್ರವನ್ನು ಪಕ್ಕಕ್ಕಿಡಬೇಕು. ಚೆನ್ನಾಗಿ ಕಾಣುತ್ತದೆಯೇ ಅನ್ನುವುದು ಆಮೇಲಿನ ಮಾತು. ಮೊದಲು ಕೇಳಬೇಕಾದ್ದು ಬೇರೆ. ಇದನ್ನು ಗೋಡೆಗೆ ಹೇಗೆ ಹಿಡಿಸುತ್ತೀರಿ? ಮೊಳೆ ಎಲ್ಲಿ ಬೀಳುತ್ತದೆ? ಮುಂದೆ ಯಾರಾದರೂ ತೆಗೆದರೆ ಹಿಂದಿನ ಗೋಡೆ ಹೇಗಿರುತ್ತದೆ?

ಈ ಪ್ರಶ್ನೆಗೆ ಉತ್ತರ ನಮ್ಮ ಊರಲ್ಲೇ ಇದೆ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ಬ್ರಿಟಿಷರಿಗೆ ಕಚೇರಿ ಬೇಕಿತ್ತು. ಆದಿಲ್‌ಶಾಹಿ ಕಟ್ಟಡಗಳು ಕಣ್ಣೆದುರಿಗಿದ್ದವು. ಹಲವನ್ನು ರಿಪೇರಿ ಮಾಡಿ ಕಚೇರಿ, ಬಂಗಲೆ ಮಾಡಿಕೊಂಡರು. ಗೋಳಗುಮ್ಮಟದ ಮುಂದಿನ ನಗಾರಖಾನೆ, ಅಂದರೆ ನಗಾರಿ ಬಾರಿಸುವ ಕಟ್ಟಡ, 1892ರಲ್ಲಿ ಮ್ಯೂಸಿಯಂ ಆಯಿತು, ಇಂದಿಗೂ ಮ್ಯೂಸಿಯಮ್ಮೇ. ಮಸೀದಿಗಳನ್ನೂ ಬಿಡಲಿಲ್ಲ. ಒಂದು ಮಸೀದಿಯಿಂದ ಡಾಕ್ ಬಂಗಲೆಯನ್ನು, ಇನ್ನೊಂದರಿಂದ ಅಂಚೆ ಕಚೇರಿಯ ಉಳಿಕೆಗಳನ್ನು ಹೊರಗೆ ಹಾಕಿಸಿದ್ದಾಗಿ ವೈಸರಾಯ್ ಕರ್ಜನ್ ತಾವೇ ಭಾಷಣದಲ್ಲಿ ಹೇಳಿಕೊಂಡರು. 1904ರ ಸ್ಮಾರಕ ರಕ್ಷಣಾ ಕಾಯ್ದೆಯೂ ಅವರ ಕಾಲದ್ದೇ. ಅಂಚೆ ಕಚೇರಿ ಹೋಯಿತು, ಮಸೀದಿ ಉಳಿಯಿತು. ಸೇರಿಸಿದ್ದನ್ನು ತೆಗೆಯಲು ಬರುವಂತಿತ್ತು, ಅದಕ್ಕೇ. ಬ್ರಿಟಿಷರು ದೂರ ಯೋಚಿಸಿ ಹಾಗೆ ಮಾಡಿದ್ದರು ಅಂತ ತಿಳಿಯಬೇಡಿ. ಆಗ ಕೈಗೊಂದು ಡ್ರಿಲ್ ಮಶೀನ್ ಇರಲಿಲ್ಲ, ಅಷ್ಟೇ.

ಈಗ ಎಸಿಪಿ. ಇದು ಸುಮ್ನೆ ಅಂಟಿಸುವ ಹಾಳೆಯಲ್ಲ. ಹಿಂದೆ ಲೋಹದ ಚೌಕಟ್ಟು ಬೇಕು, ಚೌಕಟ್ಟಿಗೆ ಸಾಲು ಸಾಲು ಬೋಲ್ಟ್ ಬೇಕು. ಕಲ್ಲಿನ ಗೋಡೆ ಎಂದೂ ಸಪಾಟಾಗಿರುವುದಿಲ್ಲ. ಚೌಕಟ್ಟು ಲೆವೆಲ್‌ಗೆ ಬರಲಿ ಅಂತ ಮುಂದೆ ಚಾಚಿದ ಪಟ್ಟಿ, ಕಿಟಕಿಯ ಮೇಲಿನ ಸಜ್ಜಾ, ಕಮಾನಿನ ಅಂಚು ಎಲ್ಲವನ್ನೂ ಉಳಿಯಿಂದ ಕೆತ್ತಿ ಹಾಕುತ್ತಾರೆ. ಅರ್ಜಿಯಲ್ಲಿ ಈ ಕೆತ್ತುವ ಕೆಲಸದ ಸುದ್ದಿಯೇ ಇರುವುದಿಲ್ಲ! ಬೋಲ್ಟ್ ಕಬ್ಬಿಣದ್ದಾದರೆ ತುಕ್ಕು ಹಿಡಿದು ಹಲವು ಪಟ್ಟು ಉಬ್ಬುತ್ತದೆ, ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ. ಶೀಟಿನ ಹಿಂದೆ ನೀರು ಇಳಿದರೂ ಗೊತ್ತಾಗುವುದಿಲ್ಲ, ಪಾರಿವಾಳ ಗೂಡು ಕಟ್ಟಿದರೂ ಗೊತ್ತಾಗುವುದಿಲ್ಲ. ಕೆಲವು ಶೀಟುಗಳ ನಡುವೆ ಇರುವುದು ಬೆಂಕಿ ಹಿಡಿಯುವ ಪ್ಲಾಸ್ಟಿಕ್. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದಾಗ ಅದು ಹೊರ ಹೊದಿಕೆಯ ಮೂಲಕವೇ ಮೇಲೇರಿ 72 ಜನ ಸತ್ತರು. ನನ್ನನ್ನು ಕೇಳಿದರೆ ಎಸಿಪಿಗೆ ಒಪ್ಪಿಗೆ ಬೇಡ, ಚರ್ಚೆಯೂ ಬೇಡ.

ಗಾಜಿನ ವಿಷಯ ಇನ್ನೂ ಸರಳ. ಆದಿಲ್‌ಶಾಹಿ ಕಾಲದ ಸಮಾಧಿ ಇಬ್ರಾಹಿಂ ರೋಜಾದ ಸಜ್ಜಾ ಎಷ್ಟು ಮುಂದೆ ಚಾಚಿದೆ ನೋಡಿ. ಅಂದಕ್ಕೂ ಹೌದು, ನೆರಳಿಗೂ ಹೌದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಪಶ್ಚಿಮಕ್ಕೆ ಗಾಜಿನ ಗೋಡೆ ಕಟ್ಟಿ, ಆಮೇಲೆ ಅದಕ್ಕೆ ಪರದೆ ಹಾಕಿ, ಒಳಗೆ ಎಸಿ ಜಾಸ್ತಿ ಮಾಡುವುದು ಯಾರ ಸುಖಕ್ಕೆ? ಸಾಗವಾನಿ ಚೌಕಟ್ಟಿನಲ್ಲಿ ಕೆಳಗಿನ ತುದಿ ಕೊಳೆತಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ತುಂಡು ಕೂಡಿಸಬಹುದು. ಬಲ್ಲ ಬಡಿಗರಿಗೆ ಇದು ದೊಡ್ಡ ಕೆಲಸವಲ್ಲ.

ಸಿಮೆಂಟಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎಂಜಿನಿಯರುಗಳೇ ಜಾಸ್ತಿ ಎಡವುವುದು ಇಲ್ಲಿ. ಗಟ್ಟಿಯಾದದ್ದು ಒಳ್ಳೆಯದು ಅಂತ ನಾವು ಕಾಲೇಜಿನಲ್ಲೇ ಕಲಿತುಬಿಡುತ್ತೇವೆ. ಹಳೇ ಗೋಡೆಗೆ ತಳಪಾಯದಿಂದ ತೇವ ಏರುತ್ತಲೇ ಇರುತ್ತದೆ. ಸುಣ್ಣದ ಗಾರೆ ಮೆತ್ತಗಿದೆ, ಅದರಲ್ಲಿ ಸಣ್ಣ ರಂಧ್ರಗಳಿವೆ. ತೇವ ಸಂದಿನಿಂದಲೇ ಆರಿಹೋಗುತ್ತದೆ. ಅಲ್ಲಿ ಸಿಮೆಂಟ್ ತುಂಬಿದರೆ ದಾರಿ ಮುಚ್ಚಿತು. ನಮ್ಮ ಕರಿಕಲ್ಲು ಹೆಚ್ಚು ನೀರು ಹೀರುವುದಿಲ್ಲ, ಹಾಗಾಗಿ ತೇವ ಒಳಗೆ ತಿರುಗುತ್ತದೆ. ಒಳಗೋಡೆಯ ಗಿಲಾವು ಉಬ್ಬುತ್ತದೆ, ಉಪ್ಪು ಹೊರಡುತ್ತದೆ. ಮಾಲೀಕರು ಮತ್ತೆ ಸಿಮೆಂಟ್ ಬಳಿಸುತ್ತಾರೆ. ತೇವ ಇನ್ನೂ ಮೇಲಕ್ಕೆ ಹೋಗುತ್ತದೆ. ಸಂದು ಸವೆದಿದ್ದರೆ ಸವೆಯಲಿ ಬಿಡಿ, ಅದು ಇರುವುದೇ ಸವೆಯಲಿಕ್ಕೆ. ಕಲ್ಲು ಉಳಿಯುತ್ತದಲ್ವಾ? ಸುಣ್ಣದಿಂದಲೇ ಮತ್ತೆ ತುಂಬಿಸಿ.

ಬೋರ್ಡಿಗೆ ನನ್ನ ತಕರಾರಿಲ್ಲ. ಆಫೀಸು ಅಂದ ಮೇಲೆ ಹೆಸರು ಕಾಣಬೇಕು. ಕಮಾನು ಮುಚ್ಚದ ಅಳತೆ ಇರಲಿ. ಬೋಲ್ಟ್ ಕಲ್ಲಿಗೆ ಬೇಡ, ಸಂದಿಗೆ ಬೀಳಲಿ. ಸಂದಿನ ಗಾರೆ ನಾಳೆ ಹೊಸದಾಗಿ ತುಂಬಬಹುದು, ಕಲ್ಲಿನ ತೂತು ಹಾಗೇ ಉಳಿಯುತ್ತದೆ. ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಎಸಿಯ ಹೊರಗಿನ ಡಬ್ಬಿ ಮಾಳಿಗೆಯ ಮೇಲೆ ಇಲ್ಲವೇ ಹಿತ್ತಲ ಕಡೆ. ರ‍್ಯಾಂಪಿಗೆ ಮೊದಲೇ ಒಪ್ಪಿಗೆ ಕೊಡಿ. ಹಳೇ ಮೆಟ್ಟಿಲಿಗೆ ಅಂಟಿಸದೆ ಪಕ್ಕದಲ್ಲಿ ಬೇರೆಯಾಗಿ ನಿಲ್ಲಿಸಿದರೆ ಸಾಕು.

ನಮ್ಮ ಊರಿಗೆ ಇನ್ನೊಂದು ಹುಚ್ಚಿದೆ. "ಪರಂಪರೆ" ಅಂದ ಕೂಡಲೇ ಸಿಮೆಂಟಿನ ಗುಮ್ಮಟ, ಫೈಬರಿನ ಮಿನಾರು. ಬ್ರಿಟಿಷ್ ಕಾಲದ ಸಾದಾ ಆಫೀಸಿಗೆ ಆದಿಲ್‌ಶಾಹಿ ವೇಷ ಹಾಕಿದರೆ ಎರಡಕ್ಕೂ ಅವಮಾನ. ಇಂಥ ಅರ್ಜಿಗಳನ್ನು ನೋಡಲು ಅಮೆರಿಕದ ಒಳಾಡಳಿತ ಇಲಾಖೆ 10 ಮಾನದಂಡ ಇಟ್ಟುಕೊಂಡಿದೆ. ಹೊಸದು ಹಳೆಯದಕ್ಕೆ ಹೊಂದಬೇಕು, ಆದರೆ ಹೊಸದು ಅಂತ ಗೊತ್ತಾಗಬೇಕು ಎಂಬುದು ಅದರಲ್ಲೊಂದು. ಸೇರಿಸಿದ್ದನ್ನು ಮುಂದೆ ತೆಗೆದರೂ ಮೂಲ ಕಟ್ಟಡ ಕೆಡಬಾರದು ಎಂಬುದು ಇನ್ನೊಂದು. ಅಂಚೆ ಕಚೇರಿ ಕಥೆಯೇ ಅಲ್ವಾ?

ಕಾನೂನು ಎರಡೇ ಮಾತಲ್ಲಿ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿ ಇದನ್ನು 1958ರ ಸ್ಮಾರಕ ಕಾಯ್ದೆಯೊಳಗೇ ಸೇರಿಸಿತು. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡವನ್ನು ಅನುಮತಿ ಪಡೆದು ರಿಪೇರಿ ಮಾಡಬಹುದು. ಟೇಪ್ ಹಿಡಿಯುವವರು ಒಂದು ನೆನಪಿಡಿ. ಅಳತೆ ಸ್ಮಾರಕದ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಅರ್ಧಕ್ಕೇ ನಿಂತ ಆದಿಲ್‌ಶಾಹಿ ಸಮಾಧಿ ಬಾರಾ ಕಮಾನಿನ ಸುತ್ತಮುತ್ತ ಈ ವ್ಯತ್ಯಾಸದಲ್ಲೇ ಅರ್ಜಿಯ ಹಣೆಬರಹ ಬದಲಾಗಬಹುದು.

ಕೊನೆಗೆ, ಸಂದು ತುಂಬುವ ಕೆಲಸಕ್ಕೆ ನಾನು ಹಾಕುವ ಷರತ್ತು. ಮೊದಲು ಹಿಂದಿನ ಗೋಡೆಯಲ್ಲಿ ಒಂದು ಚದರ ಮೀಟರ್ ಮಾಡಿ ತೋರಿಸಲಿ. ಒಂದು ಮಳೆಗಾಲ ಕಳೆಯಲಿ. ಬಿರುಕು ಬಿಡದಿದ್ದರೆ, ಬಣ್ಣ ಹೊಂದಿದರೆ ಉಳಿದ ಗೋಡೆಗೆ ಕೈ ಹಚ್ಚಲಿ. "ಅಷ್ಟ ದಿನಾ ಕಾಯಬೇಕೇನ್ರಿ ಸರ?" ಅಂತ ಮಾಲೀಕರು ಕೇಳುತ್ತಾರೆ. ಅಷ್ಟರೊಳಗೆ ರ‍್ಯಾಂಪು, ಬೋರ್ಡು, ಕಿಟಕಿ ರಿಪೇರಿ ಮುಗಿಸಿಕೊಳ್ಳಲಿ. ಅವಕ್ಕೆ ಷರಾ ಬರೆದು ಅವತ್ತೇ ಸಹಿ ಹಾಕಬಹುದು.