ಕ್ಯಾಮೆರಾಕ್ಕೆ ಕಾಣದ ಕಡೆ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ.

ಮನಸ್ಸಿನ ಕಾಯಿಲೆಗೆ ವಿಡಿಯೋದಲ್ಲಿ ಚಿಕಿತ್ಸೆ ಕೊಡುವುದು ಕೋವಿಡ್ ಬಂದ ಮೇಲೆ ಶುರುವಾಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಸಿಸಿಲ್ ವಿಟ್ಸನ್ ಎಂಬ ಮನೋವೈದ್ಯರು 1959ರ ಹೊತ್ತಿಗೇ ಈ ಕೆಲಸಕ್ಕೆ ಟಿವಿ ಬಳಸಿದ್ದರು. 1964ರಲ್ಲಿ ಅವರ ಸಂಸ್ಥೆಗೂ 112 ಮೈಲಿ ದೂರದ ನಾರ್ಫೋಕ್‌ನ ಸರ್ಕಾರಿ ಆಸ್ಪತ್ರೆಗೂ ನಡುವೆ, ಎರಡೂ ಕಡೆಯವರು ನೋಡಿ ಮಾತಾಡುವ ವ್ಯವಸ್ಥೆ ಬಂತು. ಆದರೆ ಅಲ್ಲಿ ಈ ತುದಿಯಲ್ಲೂ ಆಸ್ಪತ್ರೆ, ಆ ತುದಿಯಲ್ಲೂ ಆಸ್ಪತ್ರೆ. ಈಗ ಆ ತುದಿ ರೋಗಿಯ ಮಲಗುವ ಕೋಣೆಗೆ ಬಂದಿದೆ. ನನಗೆ ಇವತ್ತು ಮಾತಾಡಬೇಕಿರುವುದು ಆ ಕೋಣೆಯ ಬಗ್ಗೆ.

ಕ್ಲಿನಿಕ್ಕಿನಲ್ಲಿ ಬಾಗಿಲು ಹಾಕುವುದು ನನ್ನ ಕೆಲಸ. ವಿಡಿಯೋದಲ್ಲಿ ಆ ಕೆಲಸವನ್ನೂ ರೋಗಿಯ ತಲೆಗೇ ಕಟ್ಟುತ್ತೇವೆ. ಒಬ್ಬ ಹೆಣ್ಣುಮಗಳು ಮೂರು ವಾರ "ಪರವಾಗಿಲ್ಲ ಡಾಕ್ಟ್ರೇ, ನಿದ್ದೆ ಬರ್ತಿದೆ" ಅಂತಲೇ ಹೇಳಿದರು. ನಾನೂ ಹಾಗೇ ಬರೆದುಕೊಂಡೆ. ನಾಲ್ಕನೇ ವಾರ ಗಮನಕ್ಕೆ ಬಂತು, ಪ್ರತಿ ಉತ್ತರಕ್ಕೂ ಮುಂಚೆ ಅವರ ಕಣ್ಣು ಎಡಗಡೆಗೆ ಹೋಗಿ ಬರುತ್ತಿತ್ತು. ಅಲ್ಲಿ ಗಂಡ ಕೂತಿದ್ದರು. ಮೂರು ವಾರ ನಾನು ಮಾತಾಡಿಸಿದ್ದು ಇಬ್ಬರನ್ನು!

ಅವತ್ತಿನಿಂದ ಎಲ್ಲರಿಗೂ ಇಯರ್‌ಫೋನ್ ಹಾಕಿಕೊಳ್ಳಲು ಹೇಳುತ್ತೇನೆ. ಆಗ ನನ್ನ ಪ್ರಶ್ನೆಯಾದರೂ ಪಕ್ಕದವರಿಗೆ ಕೇಳಿಸುವುದಿಲ್ಲ. "ಒಬ್ಬರೇ ಇದ್ದೀರಾ?" ಅನ್ನುವುದಕ್ಕೆ ಹೌದು, ಇಲ್ಲ ಅಂದರೆ ಸಾಕು. ಯಾರಾದರೂ ದಿಢೀರನೆ ಒಳಗೆ ಬಂದರೆ ಹೇಳಲು ಒಂದು ಮಾತನ್ನು ಮೊದಲೇ ಗೊತ್ತು ಮಾಡಿಕೊಂಡಿರುತ್ತೇವೆ. ಆ ಮಾತು ಬಂದ ಕೂಡಲೇ ನಾನು ವಿಷಯ ಬದಲಿಸುತ್ತೇನೆ.

ಈಗ ಎಲ್ಲಿದ್ದೀರಿ, ವಿಳಾಸ ಏನು, ಹತ್ತಿರದಲ್ಲಿ ಯಾರಿಗೆ ಫೋನ್ ಮಾಡಬಹುದು, ಕರೆ ಕಟ್ಟಾದರೆ ಯಾರು ಯಾರಿಗೆ ಮಾಡಬೇಕು. ಇದನ್ನು ಪ್ರತಿ ಸಲವೂ ಕೇಳುತ್ತೇನೆ. ಸ್ವಲ್ಪ ಪೊಲೀಸ್ ವಿಚಾರಣೆ ಥರ ಅನ್ನಿಸುತ್ತದೆ, ನಿಜ. ಆದರೆ ಜೀವಕ್ಕೆ ಅಪಾಯ ಅನ್ನಿಸಿದಾಗ ಆಂಬುಲೆನ್ಸ್ ಕಳಿಸುವುದಕ್ಕೆ ಒಂದು ವಿಳಾಸ ಬೇಕಲ್ವಾ?

ಅದೇ ಮನೆ ಕೆಲವರಿಗೆ ಕ್ಲಿನಿಕ್ಕಿಗಿಂತ ಒಳ್ಳೆಯ ಜಾಗ. ಮತ್ತೆ ಮತ್ತೆ ಕೈ ತೊಳೆಯುವ ಗೀಳು ಕಾಯಿಲೆ ಇದ್ದ ಒಬ್ಬ ಹುಡುಗ ನನ್ನ ಕ್ಲಿನಿಕ್ಕಿನಲ್ಲಿ ಬಾಗಿಲ ಹಿಡಿ ಮುಟ್ಟಿ ಕೈ ತೊಳೆಯದೆ ಆರಾಮಾಗಿ ಕೂರುತ್ತಿದ್ದ. ಮನೆಗೆ ಹೋದರೆ ಮತ್ತೆ ಮೊದಲಿನ ಹಾಗೇ. ಅವನ ಭಯ ಇದ್ದದ್ದು ಅವನ ಮನೆಯ ಬಚ್ಚಲಲ್ಲಿ. ಒಂದು ದಿನ ಫೋನ್ ಹಿಡಿದುಕೊಂಡು ಅಲ್ಲಿಗೇ ಹೋದ. ಬಚ್ಚಲ ಬಾಗಿಲ ಹಿಡಿ ಮುಟ್ಟಿದ. ಫೋನನ್ನು ಸೋಪಿನ ಡಬ್ಬಿಗೆ ಒರಗಿಸಿ, ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತ. "ತಳಮಳ ಹತ್ತಕ್ಕೆ ಎಷ್ಟು?" ಅಂದೆ. "ಒಂಬತ್ತು" ಅಂದ. ಇಬ್ಬರೂ ಸುಮ್ನೆ ಕೂತೆವು. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. 20 ನಿಮಿಷ ಕಳೆದ ಮೇಲೆ ತಾನಾಗಿ "ಆರು" ಅಂದ. ನನ್ನ ಕೋಣೆಯಲ್ಲಿ ವರ್ಷಗಟ್ಟಲೆ ಕೂತಿದ್ದರೂ ಆ ಆರು ಸಿಗುತ್ತಿರಲಿಲ್ಲ.

ಖಿನ್ನತೆಗೆ, ಆಘಾತದ ನಂತರ ಉಳಿಯುವ ತೊಂದರೆಗೆ ವಿಡಿಯೋದಲ್ಲಿ ಮಾತಿನ ಚಿಕಿತ್ಸೆ ಕೊಟ್ಟು ನೋಡಿದ ಹಲವು ಅಧ್ಯಯನಗಳಲ್ಲಿ, ಎದುರಾಎದುರು ಕೂತಾಗ ಬರುವಷ್ಟೇ ಗುಣ ಕಂಡಿದೆ. ಹಾಗಂತ ಎಲ್ಲದಕ್ಕೂ ಇದೇ ಸಾಕು ಅನ್ನುವವರ ಜೊತೆ ನಾನಿಲ್ಲ. ನನಗೆ ಕಾಣುವುದು ಮುಖ, ಹೆಚ್ಚೆಂದರೆ ಹೆಗಲು. ಮೇಜಿನ ಕೆಳಗೆ ಕಾಲು ಕುಣಿಯುತ್ತಿದ್ದರೆ ಗೊತ್ತಾಗುವುದಿಲ್ಲ. ಹೆಂಡದ ವಾಸನೆ ಬರುವುದಿಲ್ಲ. ಕೆಲವು ಮಾತ್ರೆಗಳಿಂದ ಕೈ ಬಿಗಿಯಾಗುತ್ತದೆ, ಅದನ್ನು ಮಡಚಿ ನೋಡಿಯೇ ತಿಳಿಯಬೇಕು. ಇನ್ನು ಕೆಲವಕ್ಕೆ ರಕ್ತಪರೀಕ್ಷೆ, ತೂಕ, ಬಿಪಿ ಬೇಕು. ಯಾರೋ ಕ್ಯಾಮೆರಾದಿಂದ ತನ್ನನ್ನು ಗಮನಿಸುತ್ತಿದ್ದಾರೆ ಅಂತ ಹೆದರಿ ನಡುಗುವವರನ್ನು ಕ್ಯಾಮೆರಾ ಮುಂದೆಯೇ ಕೂರಿಸುವುದು ಎಂಥ ಚಿಕಿತ್ಸೆ? ಅವರಿಗೆ "ಬನ್ನಿ, ಇಲ್ಲೇ ಕೂತು ಮಾತಾಡೋಣ" ಅನ್ನುತ್ತೇನೆ.

ಕಣ್ಣಿನದು ಬೇರೆ ಫಜೀತಿ. ನಾನು ಕ್ಯಾಮೆರಾ ನೋಡಿದರೆ ಮಾತ್ರ ಅವರ ಕಣ್ಣು ನೋಡಿದಂತೆ. ಆಗ ಅವರ ಮುಖ ನನಗೆ ಕಾಣದು. ಅವರ ಚಿತ್ರವನ್ನು ಎಳೆದು ಕ್ಯಾಮೆರಾದ ಕೆಳಕ್ಕೇ ತಂದಿಟ್ಟುಕೊಳ್ಳುತ್ತೇನೆ. ಪೂರ್ತಿ ಸರಿಹೋಗುವುದಿಲ್ಲ, ಪರವಾಗಿಲ್ಲ. ಮೌನದ ಕಥೆ ಇನ್ನೂ ಕಷ್ಟ. ಒಮ್ಮೆ ಒಬ್ಬರು ಮಗನ ಸಾವಿನ ಬಗ್ಗೆ ಹೇಳುತ್ತಾ ಸುಮ್ಮನಾದರು. ನೆಟ್‌ವರ್ಕ್ ಹೋಯಿತು ಅಂದುಕೊಂಡು "ಹಲೋ, ಕೇಳಿಸ್ತಿದೆಯಾ?" ಅಂದುಬಿಟ್ಟೆ. ಅವರು ಅಳು ನುಂಗಿಕೊಂಡು "ಕೇಳಿಸ್ತಿದೆ" ಅಂದರು. ಅವತ್ತು ಮತ್ತೆ ಆ ಮಾತು ಎತ್ತಲಿಲ್ಲ. ಈಗ ಮೌನ ಬಂದರೆ ಪರದೆಯಲ್ಲಿ ಅವರ ಉಸಿರಾಟ ನೋಡುತ್ತೇನೆ. ಹೆಗಲು ಏರಿಳಿಯುತ್ತಿದ್ದರೆ ಬಾಯಿ ಬಿಡುವುದಿಲ್ಲ.

ಕ್ಲಿನಿಕ್ಕಿಂದ ಹೊರಟವರಿಗೆ ಮನೆ ಸೇರುವಷ್ಟರಲ್ಲಿ ಕಣ್ಣೊರೆಸಿಕೊಳ್ಳಲು ಒಂದಿಷ್ಟು ದಾರಿ ಇರುತ್ತದೆ. ವಿಡಿಯೋ ಮುಗಿದರೆ ಗುಂಡಿ ಒತ್ತಿದ ಮರುಕ್ಷಣ ಬಾಗಿಲ ಹೊರಗೆ ಮಕ್ಕಳು ಕಾಯುತ್ತಿರುತ್ತಾರೆ. ಅದಕ್ಕೇ ನಾನು ಹತ್ತು ನಿಮಿಷ ಮೊದಲೇ ಮಾತು ಮುಗಿಸುತ್ತೇನೆ. "ನಾನು ಹೋಗ್ತೀನಿ, ನೀವು ಬಾಗಿಲು ತೆಗೀಬೇಡಿ, ಹಾಗೇ ಸ್ವಲ್ಪ ಹೊತ್ತು ಕೂತಿರಿ" ಅನ್ನುತ್ತೇನೆ. ಹೊರಗಿನವರು ಒಳಗೆ ಇನ್ನೂ ಡಾಕ್ಟರ್ ಇದ್ದಾರೆ ಅಂದುಕೊಂಡಿರುತ್ತಾರೆ.